ಅಕ್ಕನ ಅರೆತಲೆನೋವು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಕೂಲಿ ಮಾಡಿ ಸಂಸಾರ ನಡೆಸುವವರು. ತಿಂಗಳಲ್ಲಿ ನಾಲ್ಕೈದು ದಿನ ಅವರು ಪಾಠಕ್ಕೆ ಬರುತ್ತಿರಲಿಲ್ಲ. ಕೂಲಿಗೂ ಹೋಗುತ್ತಿರಲಿಲ್ಲ. ಒಂದು ದಿನ ನಾವೇ ಅವರ ಮನೆಗೆ ಹೋದೆವು. ಅಕ್ಕ ತಲೆಗೆ ಬಟ್ಟೆ ಬಿಗಿದು ಕತ್ತಲೆಯಲ್ಲಿ ಮಲಗಿದ್ದರು.

"ಏನಾಯ್ತಕ್ಕಾ?" ಎಂದು ಕೇಳಿದೆವು.

"ತಲೆ ಒಂದು ಕಡೆ ಸಿಡೀತದೆ. ಬೆಳಕು ಆಗಲ್ಲ, ಸದ್ದು ಆಗಲ್ಲ. ಎರಡು ಸಲ ವಾಂತಿ ಆಯ್ತು."

ಅತ್ತೆ ಹೊರಗಿನಿಂದಲೇ ಅಂದರು: "ಕೆಲಸ ಇದ್ದ ದಿನಾನೇ ಇವಳಿಗೆ ತಲೆನೋವು!"

ಅಕ್ಕನ ಕಣ್ಣಲ್ಲಿ ನೀರು ಬಂತು.

ಇದು ನೆಪವೇ?

ಅಲ್ಲ. ಇದು ಅರೆತಲೆನೋವು. ಡಾಕ್ಟರು ಮೈಗ್ರೇನ್ ಎನ್ನುತ್ತಾರೆ. ಇದು ಮಿದುಳಿಗೆ ಮತ್ತು ನರಗಳಿಗೆ ಸಂಬಂಧಿಸಿದ ಕಾಯಿಲೆ. ಒಮ್ಮೆ ಬಂದರೆ 4 ಗಂಟೆಯಿಂದ 3 ದಿನದವರೆಗೂ ಕಾಡಬಹುದು. ಕೆಲವರಿಗೆ ನೋವಿಗೆ ಮೊದಲು ಕಣ್ಣ ಮುಂದೆ ಮಿಂಚು ಕಾಣುತ್ತದೆ. ತಾಯಿಗೆ ಇದ್ದರೆ ಮಕ್ಕಳಿಗೂ ಬರಬಹುದು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು.

ಬೆಂಗಳೂರಿನ ಸುತ್ತಮುತ್ತ ಪಟ್ಟಣ, ಹಳ್ಳಿಗಳಲ್ಲಿ ಒಂದು ಸಮೀಕ್ಷೆ ನಡೆಯಿತು. ಅದು 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಈ ನೋವು ಕಂಡವರು ನೂರಕ್ಕೆ ಸುಮಾರು 25 ಮಂದಿ. ಅಂದರೆ ನಾಲ್ವರಲ್ಲಿ ಒಬ್ಬರು! ಇದು ದೃಷ್ಟಿ ತಾಗಿ ಬರುವುದಲ್ಲ. ಹಣೆಗೆ ಬರೆ ಹಾಕಿದರೆ ಹೋಗುವುದೂ ಇಲ್ಲ.

ಅಕ್ಕ ಬರೆದ ಲೆಕ್ಕ

ಆಶಾ ಕಾರ್ಯಕರ್ತೆ ಅಕ್ಕನಿಗೆ ಒಂದು ಉಪಾಯ ಹೇಳಿದರು. "ನಿಮಗೀಗ ಬರೆಯೋಕೆ ಬರ್ತದಲ್ಲ? ನೋವು ಬಂದ ದಿನ ಕ್ಯಾಲೆಂಡರಿನಲ್ಲಿ ಬರೀರಿ. ಆ ದಿನ ಏನು ತಿಂದ್ರಿ, ಎಷ್ಟು ಹೊತ್ತು ಮಲಗಿದ್ರಿ, ಅದನ್ನೂ ಬರೀರಿ."

ಎರಡು ತಿಂಗಳು ಅಕ್ಕ ಬರೆದರು. ಆಮೇಲೆ ಎಲ್ಲರೂ ಕೂತು ಓದಿದೆವು. ಬೆಳಿಗ್ಗೆ ಬರೀ ಕಾಫಿ ಕುಡಿದು ಬಿಸಿಲಿಗೆ ಹೋದ ದಿನ ನೋವು. ಸೋಮವಾರದ ಉಪವಾಸದ ದಿನ ನೋವು. ಮುಟ್ಟಿಗೆ ಮುಂಚೆ ನೋವು. ನಿದ್ದೆಗೆಟ್ಟ ಮಾರನೇ ದಿನವೂ ನೋವು.

ಎಲ್ಲರಿಗೂ ಕಾರಣ ಒಂದೇ ಅಲ್ಲ. ಅವರವರ ಕಾರಣ ಅವರವರೇ ಹುಡುಕಬೇಕು.

ಊಟದಲ್ಲಿ ಏನು ಮಾಡೋಣ?

- ಹೊತ್ತಿಗೆ ಸರಿಯಾಗಿ ಉಣ್ಣೋಣ. ಬೆಳಿಗ್ಗೆ ರಾಗಿ ಅಂಬಲಿಯಾದರೂ ಸರಿ, ಖಾಲಿ ಹೊಟ್ಟೆಯಲ್ಲಿ ಹೋಗುವುದು ಬೇಡ.
- ನೀರು, ಮಜ್ಜಿಗೆ ಆಗಾಗ ಕುಡಿಯೋಣ.
- ಕಾಫಿ, ಟೀ ಮಿತವಾಗಿರಲಿ.
- ಯಾವುದೋ ಒಂದು ಪದಾರ್ಥ ತಿಂದಾಗಲೆಲ್ಲ ನೋವು ಬಂದರೆ ಅದನ್ನು ಮಾತ್ರ ಬಿಡೋಣ. ಎಲ್ಲವನ್ನೂ ಬಿಟ್ಟು ಸೊರಗುವುದು ಬೇಡ.
- ದಿನವೂ ಒಂದೇ ಹೊತ್ತಿಗೆ ಮಲಗಿ ಏಳೋಣ.

ಗುಳಿಗೆಯ ವಿಷಯ

ಅಕ್ಕ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತಿದ್ದರು. ತಿಂಗಳಲ್ಲಿ 10–15 ದಿನ ಹೀಗೆ ನುಂಗಿದರೆ ಗುಳಿಗೆಯಿಂದಲೇ ತಲೆನೋವು ಹೆಚ್ಚುತ್ತದೆ. ಹೊಟ್ಟೆ, ಮೂತ್ರಪಿಂಡಗಳಿಗೂ ಕೆಡುಕು. ಡಾಕ್ಟರು ಹೇಳಿದ ಗುಳಿಗೆಯನ್ನು, ಹೇಳಿದಷ್ಟೇ, ನೋವು ಶುರುವಾದ ಕೂಡಲೇ ತೆಗೆದುಕೊಳ್ಳಬೇಕು. ನೋವು ಪದೇ ಪದೇ ಬಂದರೆ, ಬಾರದಂತೆ ತಡೆಯುವ ಔಷಧಿಯೂ ಇದೆ. ಅದನ್ನು ಡಾಕ್ಟರೇ ಕೊಡಬೇಕು. ಉಬ್ಬಸ ಇದ್ದರೆ, ಬಸುರಿಯಾಗಿದ್ದರೆ, ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು.

ತಡಮಾಡಬೇಡಿ!

ಹಿಂದೆಂದೂ ಕಾಣದಂಥ ತಲೆನೋವು ಥಟ್ಟನೆ ಬಂದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಬಂದರೆ ಅದು ಬೇರೆ ಕಾಯಿಲೆ ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ.

ಅಕ್ಕ ಈಗ ಹೇಗಿದ್ದಾರೆ?

ನೋವು ಪೂರ್ತಿ ಹೋಗಿಲ್ಲ. ತಿಂಗಳಿಗೆ ಒಂದು ಸಲ ಬರುತ್ತದೆ. ಕೂಲಿ ತಪ್ಪುವುದು ಕಡಿಮೆಯಾಗಿದೆ. ಸೋಮವಾರ ಹಾಲು, ಹಣ್ಣು ತೆಗೆದುಕೊಳ್ಳುತ್ತಾರೆ. ಮೊನ್ನೆ ನೋವು ಬಂದಾಗ ಅತ್ತೆಯೇ ಕಿಟಕಿ ಮುಚ್ಚಿ, "ನೀ ಮಲಗವ್ವ, ಒಲೆ ನಾ ನೋಡ್ಕೋತೀನಿ" ಅಂದರಂತೆ.

ಮಾತಾಡೋಣ, ಬರೆಯೋಣ

1. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಉಣ್ಣದೆ ಕೆಲಸಕ್ಕೆ ಹೋಗುವವರು ಯಾರು? ಯಾಕೆ?
2. ಅತ್ತೆಯ ಮನಸ್ಸು ಬದಲಾದದ್ದು ಹೇಗೆ?
3. ತಲೆನೋವು ಬಂದ ದಿನ, ಊಟ, ನಿದ್ದೆ: ಈ ಮೂರು ಮನೆಗಳ ಒಂದು ಪಟ್ಟಿ ಬರೆಯಿರಿ.