ಹಳೆ ಲಾರಿಯ ಕ್ಯಾಬಿನ್ ಬೆವರುವುದೇಕೆ?

ಸಂಡೂರು ಗುಡ್ಡಸಾಲಿನ ದೋಣಿಮಲೈ ಸುತ್ತಮುತ್ತ ಮಳೆಗಾಲವೆಂದರೆ ತಂಪು, ಚಳಿಗಾಲದ ಬೆಳಗೆಂದರೆ ಮಂಜು. ಮೆಕ್ಕೆಜೋಳವೋ ತರಕಾರಿಯೋ ತುಂಬಿಕೊಂಡು ನಸುಕಿನಲ್ಲೇ ಹೊಸಪೇಟೆ ಕಡೆ ಇಳಿಯುವವರಿಗೆ ಮೊದಲ ತೊಂದರೆ ಕ್ಯಾಬಿನ್ ಒಳಗೇ ಕಾದಿರುತ್ತದೆ. ಮುಂದಿನ ಗ್ಲಾಸು ಮಬ್ಬು, ಎಷ್ಟು ಒರೆಸಿದರೂ ಮತ್ತೆ ಮಬ್ಬು. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಬಟ್ಟೆ. ಗುಡ್ಡದ ತಿರುವಿನಲ್ಲಿ ಎದುರಿಗೆ ಅದಿರು ಲಾರಿ ಬರುವ ದಾರಿಯಲ್ಲಿ ಇದು ಸಣ್ಣ ಮಾತಲ್ಲ.

ಕಣ್ಣಿಗೆ ಕಾಣದ ನಷ್ಟ ಬೇರೆ ಇದೆ. ಮ್ಯಾಟಿನ ಕೆಳಗೆ ತಗಡು ತುಕ್ಕು ತಿನ್ನುತ್ತದೆ, ಸೀಟಿಗೆ ಬೂಷ್ಟು ಹಿಡಿಯುತ್ತದೆ, ವೈರಿಂಗ್ ಕೆಡುತ್ತದೆ, ಆರ್‌ಸಿ ಪುಸ್ತಕ ಮುದ್ದೆಯಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಮರೆತ ಬೀಜದ ಪೊಟ್ಟಣ ತೇವಕ್ಕೂ ಬಿಸಿಗೂ ಸಿಕ್ಕಿ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಇದಕ್ಕೆಲ್ಲ ಮೂಲ ನೀರು. ಅದು ಎಲ್ಲಿಂದ ಬಂತು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಗಾಳಿಯ ಲೆಕ್ಕ

ಗಾಳಿ ಬಿಸಿಯಿದ್ದಷ್ಟೂ ಹೆಚ್ಚು ನೀರಾವಿ ಹೊರುತ್ತದೆ. ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ, 20 ಡಿಗ್ರಿಯಲ್ಲಿ 17 ಗ್ರಾಂ, 15 ಡಿಗ್ರಿಯಲ್ಲಿ ಬರೀ 13 ಗ್ರಾಂ ಆವಿ ಹಿಡಿದುಕೊಳ್ಳಬಲ್ಲದು. ಬಿಸಿ ಗಾಳಿ ತಣ್ಣನೆಯ ಗ್ಲಾಸಿಗೆ ತಾಗಿದರೆ ಹೆಚ್ಚಾದ ಆವಿ ಅಲ್ಲೇ ಹನಿಯಾಗುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದೂ ಇದೇ ಲೆಕ್ಕದಲ್ಲಿ.

ಈಗ ಕ್ಯಾಬಿನ್ ನೋಡಿ. ಸುಮಾರು 4 ಘನ ಮೀಟರ್ ಜಾಗ ಅಂತಿಟ್ಟುಕೊಳ್ಳೋಣ. 20 ಡಿಗ್ರಿಯಲ್ಲಿ ಆ ಗಾಳಿ ಹೆಚ್ಚೆಂದರೆ 70 ಗ್ರಾಂ ನೀರು ಹಿಡಿದೀತು. ಸುಮ್ಮನೆ ಕೂತ ಒಬ್ಬ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40ರಿಂದ 50 ಗ್ರಾಂ ನೀರು ಬಿಡುತ್ತಾನೆ. ಡ್ರೈವರು, ಕ್ಲೀನರು, ಮಾಲಿನ ಯಜಮಾನ ಹೀಗೆ ಮೂವರು ಗ್ಲಾಸು ಏರಿಸಿ ಕೂತರೆ, ಒಣಗಿದ ಗಾಳಿ ಕೂಡ ಅರ್ಧ ಗಂಟೆಯಲ್ಲಿ ತುಂಬಿಹೋಗುತ್ತದೆ. ಮಳೆಗಾಲದ ಗಾಳಿ ಮೊದಲೇ ಮುಕ್ಕಾಲು ತುಂಬಿರುತ್ತದೆ. ಅದರ ಮೇಲೆ ಒದ್ದೆ ಕಂಬಳಿ, ಒದ್ದೆ ಗೋಣಿಚೀಲ, ಕೆಸರು ಕಾಲು. ಗ್ಲಾಸು ಬೆವರದೆ ಇನ್ನೇನು ಮಾಡೀತು?

ಎಂಜಿನ್ ಮುಚ್ಚಳ ಕ್ಯಾಬಿನ್ ಒಳಗೇ ಇರುವ ಗಾಡಿಗಳಲ್ಲಿ ಇನ್ನೊಂದು ಆಟ ನಡೆಯುತ್ತದೆ. ಎಂಜಿನ್ ಕಾದಂತೆ ಮ್ಯಾಟಿನಲ್ಲಿದ್ದ ನೀರು ಆವಿಯಾಗಿ ಮೇಲೇಳುತ್ತದೆ, ತಣ್ಣಗಿರುವ ಗ್ಲಾಸಿಗೆ ಹೋಗಿ ಕೂರುತ್ತದೆ. ಹತ್ತು ಕಿಲೋಮೀಟರ್ ಓಡಿದ ಮೇಲೆ ಮಬ್ಬು ಜಾಸ್ತಿಯಾದರೆ ನೆಲ ಒದ್ದೆಯಿದೆ ಎಂದೇ ತಿಳಿಯಬೇಕು.

ಸೋರಿಕೆಯೋ ಬೆವರೋ?

ಇವೆರಡಕ್ಕೂ ಮದ್ದು ಬೇರೆ ಬೇರೆ. ಮೊದಲು ಪತ್ತೆ ಮಾಡಿ.

1. ಮಬ್ಬಿನ ಮೇಲೆ ಒಳಗಿನಿಂದ ಬೆರಳು ಎಳೆಯಿರಿ. ಗೆರೆ ಮೂಡಿದರೆ ಮಬ್ಬು ಒಳಗಿನದು. ಮೂಡದಿದ್ದರೆ ಹೊರಗಿನ ಇಬ್ಬನಿ, ವೈಪರ್ ಹಾಕಿದರೆ ಹೋಗುತ್ತದೆ.

2. ಮ್ಯಾಟು ತೆಗೆದು ನೆಲ ಒರೆಸಿ ಒಣಗಿಸಿ. ಒಂದು ಮೊಳದ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆಲ್ಲ ಟೇಪು ಅಂಟಿಸಿ ರಾತ್ರಿ ಬಿಡಿ. ಬೆಳಗ್ಗೆ ಹಾಳೆಯ ಮೇಲ್ಮೈ ಮಾತ್ರ ಒದ್ದೆಯಾಗಿದ್ದರೆ ನೀರು ಗಾಳಿಯಿಂದಲೋ ಮೇಲಿನಿಂದಲೋ ಬಂದದ್ದು. ಅಡಿ ಒದ್ದೆಯಾಗಿದ್ದರೆ ತಗಡಿನ ಜೋಡಣೆಯಲ್ಲಿ, ರಂಧ್ರದಲ್ಲಿ ನೀರು ನುಗ್ಗುತ್ತಿದೆ.

3. ಮಳೆಯಿಲ್ಲದ ದಿನಗಳಲ್ಲೂ ಬೆಳಗ್ಗೆ ಗ್ಲಾಸು ಒದ್ದೆಯಾದರೆ ಒಳಗೆ ಎಲ್ಲೋ ಹಳೆಯ ನೀರು ಉಳಿದಿದೆ. ಸೀಟಿನ ಸ್ಪಂಜು, ಮ್ಯಾಟಿನ ಅಡಿಯ ಫೆಲ್ಟು ಇವೆರಡನ್ನು ಒತ್ತಿ ನೋಡಿ.

ಸೋರಿಕೆ ಹುಡುಕುವ ಕ್ರಮ

ಇದು ಇಬ್ಬರ ಕೆಲಸ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಒಬ್ಬರು ಪೈಪು ಹಿಡಿದು ಹೊರಗೆ. ರಬ್ಬರ್ ಬೀಡಿಂಗಿನ ಒಳ ಅಂಚಿಗೆ ಸೀಮೆಸುಣ್ಣದ ಪುಡಿ ಉದುರಿಸಿದರೆ ನೀರಿನ ದಾರಿ ಗೆರೆಯಾಗಿ ಕಾಣುತ್ತದೆ. ನೀರನ್ನು ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಚಾವಣಿಗೆ ಬಿಟ್ಟರೆ ಎಲ್ಲ ಕಡೆ ನೀರು ಹರಿದು ಯಾವುದು ಎಲ್ಲಿಂದ ಎಂದು ಗೊತ್ತಾಗುವುದಿಲ್ಲ.

ನೋಡಬೇಕಾದ ಜಾಗಗಳು: ಪೆಡಲ್ ಮತ್ತು ವೈರು ಹಾಯುವ ರಂಧ್ರಗಳ ರಬ್ಬರು, ಬಾಗಿಲ ರಬ್ಬರು, ಮುಂದಿನ ಗ್ಲಾಸಿನ ಕೆಳ ಮೂಲೆಗಳು, ವೈಪರ್ ಬುಡ, ಚಾವಣಿಯ ಕ್ಯಾರಿಯರ್ ಬೋಲ್ಟು. ನೀರು ಕಂಡ ಜಾಗದಲ್ಲೇ ತೂತು ಇರುತ್ತದೆ ಎಂದೇನಿಲ್ಲ. ಚಾವಣಿಯ ಬೋಲ್ಟಿನಲ್ಲಿ ಇಳಿದ ಹನಿ ಕಂಬದೊಳಗೆ ಜಾರಿ ಕಾಲಬುಡದಲ್ಲಿ ಹೊರಬೀಳಬಹುದು.

ಬಾಡಿ ಬಿಲ್ಡರ್ ಕಡೆ ಕಟ್ಟಿಸಿದ ಹಳೆ ಕ್ಯಾಬಿನ್ನುಗಳಲ್ಲಿ ಒಳಗೆ ಮರದ ಚೌಕಟ್ಟು ಇರುತ್ತದೆ. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗಿಳಿದರೆ ಮರ ಕೊಳೆತಿದೆ. ಅದರ ಮೇಲೆ ಎಷ್ಟು ಗಮ್ಮು ಬಳಿದರೂ ವ್ಯರ್ಥ, ಆ ತುಂಡು ಬದಲಿಸಲೇಬೇಕು.

ಕೆಂಪು ಧೂಳಿನ ಕಿತಾಪತಿ

ನಮ್ಮ ಕಡೆಯ ಗಾಡಿಗಳಿಗೆ ಇದೊಂದು ವಿಶೇಷ ರೋಗ. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಲಾರಿಗಳು ಸಾಲುಗಟ್ಟಿ ನಿಂತವು. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಕೊಳೆಯುತ್ತದೆ. ಗಣಿಯಲ್ಲಿ ದುಡಿದ ಯಾವುದೇ ಗಾಡಿಯ ಬಾಗಿಲ ಹೊಟ್ಟೆಯಲ್ಲಿ ನುಣ್ಣನೆಯ ಅದಿರು ಧೂಳು ಕೂತಿರುತ್ತದೆ. ಆ ಧೂಳೇ ತಗಡನ್ನು ತಿನ್ನುವುದಿಲ್ಲ. ಆದರೆ ನೀರು ಕುಡಿದು ಕೆಸರಾಗಿ, ವಾರಗಟ್ಟಲೆ ತಗಡಿಗೆ ಒದ್ದೆ ಬಟ್ಟೆ ಸುತ್ತಿದಂತೆ ಕೂರುತ್ತದೆ. ತುಕ್ಕಿಗೆ ಅಷ್ಟು ಸಾಕು.

ಬಾಗಿಲ ಗ್ಲಾಸಿನ ಸಂದಿಯಲ್ಲಿ ಮಳೆನೀರು ಒಳಗಿಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ಬಾಗಿಲ ಕೆಳ ಅಂಚಿನಲ್ಲಿ ತೂತುಗಳಿವೆ. ಧೂಳು ಬರುತ್ತದೆಂದು ಕೆಲವರು ಅವುಗಳಿಗೇ ಗಮ್ಮು ಮೆತ್ತುತ್ತಾರೆ. ಹಾಗೆ ಮಾಡಿದರೆ ಬಾಗಿಲು ನೀರಿನ ತೊಟ್ಟಿಯಾಗುತ್ತದೆ. ತಿಂಗಳಿಗೊಮ್ಮೆ ತಂತಿಯಿಂದ ಆ ತೂತು ಕೆದಕಿ, ಮೇಲಿನಿಂದ ಒಂದು ಚೆಂಬು ನೀರು ಹೊಯ್ಯಿರಿ. ಕೂಡಲೆ ಕೆಳಗೆ ಬಂದರೆ ಸರಿ.

ಧೂಳು ಕೂತ ಗ್ಲಾಸಿಗೆ ಮಬ್ಬು ಬೇಗ ಹಿಡಿಯುತ್ತದೆ, ಬೀಡಿ ಹೊಗೆಯ ಜಿಡ್ಡು ಸೇರಿದರೆ ಇನ್ನೂ ಬೇಗ. ಒಳಗಿನ ಗ್ಲಾಸನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿದ ಹಳೆ ನ್ಯೂಸ್‌ಪೇಪರಿನಿಂದ ಉಜ್ಜಿ. ಕೊನೆಗೆ ಒಣ ಸೋಪನ್ನು ಲಘುವಾಗಿ ಸವರಿ, ಕಣ್ಣಿಗೆ ಕಾಣದಷ್ಟು ಒರೆಸಿದರೆ ಆವಿ ಹನಿಯಾಗದೆ ತೆಳ್ಳಗೆ ಹರಡುತ್ತದೆ. ಸೋಪು ಹೆಚ್ಚು ಉಳಿದರೆ ರಾತ್ರಿ ಎದುರು ದೀಪಕ್ಕೆ ಕಣ್ಣು ಕೋರೈಸುತ್ತದೆ, ಜೋಪಾನ.

ಮಾಡಬೇಕಾದದ್ದು

ಮೊದಲು ಒಣಗಿಸಿ. ಬಿಸಿಲಿನ ದಿನ ಸೀಟು, ಮ್ಯಾಟು, ಫೆಲ್ಟು ಎಲ್ಲ ಹೊರಗೆ ಹಾಕಿ, ಬಾಗಿಲು ತೆರೆದಿಡಿ. ನೆಲದ ತುಕ್ಕನ್ನು ವೈರ್ ಬ್ರಷ್ಷಿನಿಂದ ತಿಕ್ಕಿ, ತಗಡು ಪೂರ್ತಿ ಒಣಗಿದ ಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಪೇಂಟು. ಒದ್ದೆ ತಗಡಿಗೆ ಬಣ್ಣ ಬಳಿದರೆ ಒಳಗೊಳಗೇ ತಿನ್ನುತ್ತದೆ. ಗ್ಲಾಸಿನ ಸಂದಿಗೆ ಗಾಡಿ ಗ್ಲಾಸಿಗೆಂದೇ ಸಿಗುವ ಕಪ್ಪು ಗಮ್ಮು ಬಳಸಿ. ವಿನೆಗರಿನಂಥ ಹುಳಿ ವಾಸನೆಯ ಸಿಲಿಕಾನ್ ಬರೀ ತಗಡಿಗೆ ತುಕ್ಕು ತರಿಸುತ್ತದೆ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿಯೂ ಬೇಡ. ರಬ್ಬರು ಉಬ್ಬಿ ಕೆಡುತ್ತದೆ, ಹನಿ ಬಿದ್ದ ಮಣ್ಣೂ ಕೆಡುತ್ತದೆ.

ಓಡಿಸುವಾಗ ಎರಡೂ ಕಡೆ ಗ್ಲಾಸು ಎರಡು ಬೆರಳು ಇಳಿಸಿಡಿ. ಒಂದೇ ಕಡೆ ಇಳಿಸಿದರೆ ಗಾಳಿ ಹಾಯುವುದಿಲ್ಲ. ಈಗ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾಗಿದೆ, ಏಸಿ ಗಾಳಿಯನ್ನು ಒಣಗಿಸುತ್ತದೆ. ನಮ್ಮ ಹಳೆ ಗಾಡಿಗೆ ಆ ಎರಡು ಬೆರಳೇ ಏಸಿ.

ತೇವ ಹೀರುವ ವಸ್ತುಗಳ ಬಗ್ಗೆ ಒಂದು ಮಾತು. ಒಂದು ಕಿಲೋ ಸಿಲಿಕಾ ಜೆಲ್ ಹೀರುವುದು ಹೆಚ್ಚೆಂದರೆ 300 ಗ್ರಾಂ ನೀರು. ಮೂವರು ಎರಡು ಗಂಟೆಯಲ್ಲಿ ಬಿಡುವ ಆವಿಗೆ ಅದು ಸಮ. ಹಾಗಾಗಿ ಕಾಗದಪತ್ರದ ಡಬ್ಬಿಗೆ ಅದು ಚೆನ್ನ, ಸೋರುವ ಕ್ಯಾಬಿನ್ನಿಗೆ ದಂಡ. ಉಪ್ಪಿನ ಗಂಟು ಇಡಬೇಡಿ, ನೀರಾಗಿ ತೊಟ್ಟಿಕ್ಕಿ ತಗಡು ತಿನ್ನುತ್ತದೆ. ಯೂರಿಯಾ ಮೂಟೆಯೂ ಹಾಗೆಯೇ, ಅದರ ಜಾಗ ಹಿಂದೆ ತಾಡಪಾಲಿನಡಿ. ಸುಟ್ಟ ಸುಣ್ಣ ತೇವ ಹೀರುತ್ತದೆ ನಿಜ, ಆದರೆ ನೀರು ತಾಗಿದರೆ ಕುದಿದು ಮೈ ಸುಡುತ್ತದೆ. ಗಾಡಿಯೊಳಗೆ ಅದು ಬೇಡವೇ ಬೇಡ.

ಜೀವದ ಮಾತು ಇನ್ನೊಂದಿದೆ. ಒಣಗಲೆಂದು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಡಬೇಡಿ, ಎಂಜಿನ್ ಚಾಲೂ ಇಟ್ಟು ಗ್ಲಾಸು ಏರಿಸಿ ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ ಮುಚ್ಚಳದ ರಬ್ಬರು ಹರಿದಿದ್ದರೆ ಅದು ಕ್ಯಾಬಿನ್ನಿಗೇ ಬರುತ್ತದೆ. ಹಾಗಾಗಿ ಆ ರಬ್ಬರು ಬದಲಿಸುವುದು ಪಟ್ಟಿಯಲ್ಲಿ ಮೊದಲಿರಲಿ.

ವರ್ಷದ ಕ್ರಮ

ಮೇ ತಿಂಗಳು: ಪೈಪು ಹಿಡಿದು ಸೋರಿಕೆ ಪರೀಕ್ಷೆ, ರಬ್ಬರು ಬದಲಿ, ನೆಲಕ್ಕೆ ಬಣ್ಣ.

ಜೂನ್‌ನಿಂದ ನವೆಂಬರ್: ವಾರಕ್ಕೊಮ್ಮೆ ಮ್ಯಾಟು ಎತ್ತಿ ನೋಡುವುದು, ತಿಂಗಳಿಗೊಮ್ಮೆ ಬಾಗಿಲ ತೂತು ಕೆದಕುವುದು. ಒದ್ದೆ ಚೀಲ, ಕೊಡೆ ಎಲ್ಲ ಹಿಂದಿನ ಬಾಡಿಗೆ.

ಡಿಸೆಂಬರ್, ಜನವರಿ: ಒಳಗಿನ ಗ್ಲಾಸು ವಾರಕ್ಕೊಮ್ಮೆ ತೊಳೆಯುವುದು. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಹತ್ತು ನಿಮಿಷ ಎರಡೂ ಬಾಗಿಲು ತೆರೆದಿಟ್ಟು ಒಳಗಿನ ಆವಿ ಹೊರಗೆ ಬಿಡುವುದು.

ಹಳೆ ಗಾಡಿ ಕೊಳ್ಳುವವರು ಎಂಜಿನ್ ಶಬ್ದ ಕೇಳುವ ಮೊದಲು ಮ್ಯಾಟು ಎತ್ತಿ ನೋಡಲಿ, ಬಾಗಿಲ ಕೆಳ ಅಂಚನ್ನು ಬೆರಳಿನಿಂದ ತಟ್ಟಲಿ, ಮುಗ್ಗಲು ವಾಸನೆ ಬರುತ್ತದೆಯೇ ನೋಡಲಿ. ಎಂಜಿನ್ ಬಿಚ್ಚಿ ಕಟ್ಟಬಹುದು. ಲಡ್ಡಾದ ಕ್ಯಾಬಿನ್ ಕಟ್ಟಿಸಲು ಹೋದರೆ ಒಂದು ಬೆಳೆಯ ಲಾಭ ಅಲ್ಲಿಗೇ ಹೋಯಿತು.