ಐದು ಫಂಡ್, ಒಳಗೆ ಅವೇ ಷೇರುಗಳು

ಮೂರು ಲಾರ್ಜ್ ಕ್ಯಾಪ್, ಒಂದು ಫ್ಲೆಕ್ಸಿ ಕ್ಯಾಪ್, ಒಂದು ನಿಫ್ಟಿ 50 ಇಂಡೆಕ್ಸ್ ಫಂಡ್. ಐದರಲ್ಲೂ ಎಸ್‌ಐಪಿ ಇದೆ, ಹಣ ಚೆನ್ನಾಗಿ ಹಂಚಿಹೋಗಿದೆ ಎಂದು ಶಿಡ್ಲಘಟ್ಟದಿಂದ ಬರೆದಿದ್ದೀರಿ. ಹಂಚಿಹೋಗಿಲ್ಲ. ಸೆಬಿಯ 2017ರ ವರ್ಗೀಕರಣದಂತೆ ಲಾರ್ಜ್ ಕ್ಯಾಪ್ ಫಂಡ್ ಕನಿಷ್ಠ ಶೇ 80ರಷ್ಟನ್ನು ಮಾರುಕಟ್ಟೆ ಮೌಲ್ಯದಲ್ಲಿ ದೇಶದ ಮೊದಲ 100 ಕಂಪನಿಗಳಲ್ಲೇ ತೊಡಗಿಸಬೇಕು. ಹಾಗಾಗಿ ಎಚ್‌ಡಿಎಫ್‌ಸಿ ಬ್ಯಾಂಕ್, ಐಸಿಐಸಿಐ ಬ್ಯಾಂಕ್, ರಿಲಯನ್ಸ್ ಬಹುತೇಕ ಎಲ್ಲದರಲ್ಲೂ ಸಿಗುತ್ತವೆ.

ನೀವೇ ಲೆಕ್ಕ ಹಾಕಿ. ಫಂಡ್‌ಗಳು ತಿಂಗಳಿಗೊಮ್ಮೆ ಷೇರುಪಟ್ಟಿ ಪ್ರಕಟಿಸುತ್ತವೆ. ಒಂದೇ ಷೇರು ಒಂದು ಫಂಡ್‌ನಲ್ಲಿ ಶೇ 9, ಇನ್ನೊಂದರಲ್ಲಿ ಶೇ 7 ಇದ್ದರೆ ಚಿಕ್ಕದನ್ನು, ಅಂದರೆ 7 ಅನ್ನು ಬರೆದುಕೊಳ್ಳಿ. ಎರಡರಲ್ಲೂ ಇರುವ ಎಲ್ಲ ಷೇರುಗಳಿಗೂ ಹೀಗೇ ಮಾಡಿ ಕೂಡಿಸಿ. ಮೊತ್ತ 50 ದಾಟಿದರೆ ಒಂದು ಫಂಡ್ ಸಾಕು ಎನ್ನುವುದು ನನ್ನ ಅಳತೆ.

ಇಂಡೆಕ್ಸ್, ಫ್ಲೆಕ್ಸಿ ಇರಲಿ. ಮೂರು ಲಾರ್ಜ್ ಕ್ಯಾಪ್‌ಗಳ ಎಸ್‌ಐಪಿ ನಿಲ್ಲಿಸಿ. ಆ ಹಣದಲ್ಲಿ ಒಂದು ಪಾಲು ಮಿಡ್ ಕ್ಯಾಪ್‌ಗೆ, ಉಳಿದದ್ದು ಸಾಲಪತ್ರಗಳ ಫಂಡ್‌ಗೆ ಹೋಗಲಿ. ಹಳೆಯ ಯೂನಿಟ್‌ಗಳನ್ನು ಒಮ್ಮೆಲೇ ಮಾರಬೇಡಿ: ವರ್ಷ ತುಂಬಿದ ಯೂನಿಟ್‌ಗಳ ಲಾಭ ಆರ್ಥಿಕ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದರೆ ಮೀರಿದ್ದಕ್ಕೆ ಶೇ 12.5 ತೆರಿಗೆ, ವರ್ಷದೊಳಗಿನ ಲಾಭಕ್ಕೆ ಶೇ 20.

ಇನ್ನೊಂದು ಮಾತು, ನೀವು ಕೇಳದಿದ್ದರೂ. ನಿಮ್ಮ ಸಂಪಾದನೆಯೇ ರೇಷ್ಮೆ ಗೂಡಿನ ಮಾರುಕಟ್ಟೆಯ ದರದ ಮೇಲಿದೆ. ಹುಳು ಹಣ್ಣಾಗುವ ಹೊತ್ತಿಗೆ ದರ ಕುಸಿದರೆ ಎಸ್‌ಐಪಿ ತಪ್ಪುತ್ತದೆ, ಷೇರು ಬಿದ್ದಿರುವಾಗಲೇ ಯೂನಿಟ್ ಮಾರಬೇಕಾದೀತು. ಎರಡು ಬೆಳೆಯ ಖರ್ಚಿನಷ್ಟನ್ನು ಮೊದಲು ಲಿಕ್ವಿಡ್ ಫಂಡ್‌ನಲ್ಲೋ ಉಳಿತಾಯ ಖಾತೆಯಲ್ಲೋ ಇಡಿ. ಮಿಡ್ ಕ್ಯಾಪ್ ಆಮೇಲೆ.