ಪಿಎಚ್‌.ಡಿ. ಸಂಶೋಧಕರನ್ನು ಮಾತಿಗೆ ಕೂರಿಸುವುದು ಹೇಗೆ?

ಕಾಲೇಜಿನ ಪ್ರಾಜೆಕ್ಟಿಗೋ ವಾರ್ಷಿಕ ಸಂಚಿಕೆಗೋ ‘ವಿಜ್ಞಾನಿಯೊಬ್ಬರ ಸಂದರ್ಶನ ಮಾಡಿಕೊಂಡು ಬನ್ನಿ’ ಎಂದರೆ ನಮ್ಮ ಮಕ್ಕಳು ಮೊದಲು ಹುಡುಕುವುದು ಪ್ರಶಸ್ತಿ ಬಂದ ಪ್ರೊಫೆಸರನ್ನು. ಅವರು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೂ ಹತ್ತು ಕಡೆ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿ ಕಳಿಸುತ್ತಾರೆ. ವಿಜ್ಞಾನದ ದಿನನಿತ್ಯದ ಬದುಕು ತಿಳಿಯಬೇಕಾದರೆ ಹೋಗಬೇಕಾದದ್ದು ಪಿಎಚ್‌.ಡಿ. ಮಾಡುತ್ತಿರುವವರ ಹತ್ತಿರ. ಪೈಪೆಟ್ ಹಿಡಿಯುವ ಕೈ ಅವರದು, ರಾತ್ರಿ ಲ್ಯಾಬಿನ ದೀಪ ಆರಿಸುವವರೂ ಅವರೇ. ವಯಸ್ಸಿನಲ್ಲಿ ನಿಮಗಿಂತ ಏಳೆಂಟು ವರ್ಷ ದೊಡ್ಡವರಷ್ಟೇ. ಪಿಯುಸಿ ಮುಗಿಸಿದಾಗಿನ ತಮ್ಮ ಗೊಂದಲ ಅವರಿಗಿನ್ನೂ ಮರೆತಿರುವುದಿಲ್ಲ.

ಯಾರು, ಎಲ್ಲಿ?

ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿರುವವರನ್ನು ಆರಿಸಿಕೊಳ್ಳಿ. ಮೊದಲ ವರ್ಷದವರು ಇನ್ನೂ ಕೋರ್ಸ್‌ವರ್ಕ್‌ನಲ್ಲಿರುತ್ತಾರೆ, ಸೋಲು ಕಂಡಿರುವುದಿಲ್ಲ. ಥೀಸಿಸ್ ಬರೆಯುತ್ತಿರುವವರಿಗೆ ಊಟಕ್ಕೂ ಪುರಸೊತ್ತಿರುವುದಿಲ್ಲ, ಅವರನ್ನು ಕಾಡಬೇಡಿ.

ಬೆಂಗಳೂರಿನಲ್ಲಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ (ಎನ್‌ಸಿಬಿಎಸ್), ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ರಾಮನ್ ಸಂಶೋಧನಾ ಸಂಸ್ಥೆ ಎಲ್ಲವೂ ಹತ್ತಿರವೇ. ಆದರೆ ಇದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಲೇಬೇಕೆಂದಿಲ್ಲ. ಮೈಸೂರಿನ ಮಾನಸಗಂಗೋತ್ರಿ, ಮಂಗಳೂರಿನ ಕೊಣಾಜೆ, ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ, ಧಾರವಾಡದ ಎರಡು ವಿಶ್ವವಿದ್ಯಾಲಯಗಳು, ಹೀಗೆ ಎಲ್ಲ ಕಡೆಯೂ ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ. ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲಿ ಬಿಸಿಲಿಗೆ ನಿಂತು ಜೋಳದ ತೆನೆ ಎಣಿಸುವವರೂ ವಿಜ್ಞಾನಿಗಳೇ. ನನ್ನನ್ನು ಕೇಳಿದರೆ ಅವರ ಮಾತಿಗೇ ಹೆಚ್ಚು ಕಸುವು.

ಯಾರ ಪರಿಚಯವೂ ಇಲ್ಲದವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ‘ಓಪನ್ ಡೇ’ ಒಳ್ಳೆಯ ಅವಕಾಶ. ಸಾಮಾನ್ಯವಾಗಿ ಫೆಬ್ರುವರಿ–ಮಾರ್ಚ್ ಹೊತ್ತಿಗೆ ನಡೆಯುತ್ತದೆ, ಅಂದು ಸಾರ್ವಜನಿಕರಿಗೂ ಪ್ರವೇಶವಿರುತ್ತದೆ. ವಿಭಾಗಗಳಲ್ಲಿ ನಿಂತು ಪ್ರಯೋಗ ತೋರಿಸುವವರಲ್ಲಿ ಹೆಚ್ಚಿನವರು ಪಿಎಚ್‌.ಡಿ. ವಿದ್ಯಾರ್ಥಿಗಳೇ. ಆ ಗದ್ದಲದಲ್ಲಿ ಸಂದರ್ಶನಕ್ಕೆ ಕೂರಬೇಡಿ. ಇಮೇಲ್ ವಿಳಾಸ ಮಾತ್ರ ಕೇಳಿಕೊಂಡು ಬನ್ನಿ.

ಕೇಳಿಕೊಳ್ಳುವ ರೀತಿ

ವಾಟ್ಸ್‌ಆ್ಯಪ್‌ನಲ್ಲಿ ‘ಹಾಯ್ ಮೇಡಂ’ ಎಂದು ಶುರು ಮಾಡಬೇಡಿ. ಐದಾರು ಸಾಲಿನ ಇಮೇಲ್ ಸಾಕು:

‘ನಮಸ್ಕಾರ. ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ನಿಮ್ಮ ಲ್ಯಾಬಿನ ವೆಬ್‌ಸೈಟಿನಲ್ಲಿ ಕಪ್ಪೆಗಳ ಕೂಗಿನ ಬಗ್ಗೆ ನೀವು ಮಾಡುತ್ತಿರುವ ಕೆಲಸ ಓದಿದೆ. ಸಂಶೋಧಕರ ದಿನಚರಿ ಹೇಗಿರುತ್ತದೆಂದು ಕಾಲೇಜಿನ ಸಂಚಿಕೆಗೆ ಬರೆಯಬೇಕೆಂದಿದ್ದೇನೆ. ಮುಂದಿನ ಎರಡು ವಾರಗಳಲ್ಲಿ ನಿಮಗೆ ಅನುಕೂಲವಾದ ದಿನ ನಲವತ್ತು ನಿಮಿಷ ಸಿಗಬಹುದೇ? ಬರೆದದ್ದನ್ನು ಅಚ್ಚಿಗೆ ಮೊದಲು ನಿಮಗೆ ತೋರಿಸುತ್ತೇನೆ.’

ಉತ್ತರ ಬರದಿದ್ದರೆ ವಾರ ಬಿಟ್ಟು ಒಮ್ಮೆ ನೆನಪಿಸಿ. ಆಗಲೂ ಬರದಿದ್ದರೆ ಬೇರೊಬ್ಬರನ್ನು ನೋಡಿಕೊಳ್ಳಿ. ಭೇಟಿಯಾದಾಗ ‘ಸರ್’, ‘ಮೇಡಂ’ ಎಂದೇ ಮಾತು ಆರಂಭಿಸಿ. ‘ಅಯ್ಯೋ, ಅಕ್ಕ ಅಂದ್ರೆ ಸಾಕು ಕಣೋ’ ಎಂದು ಅವರೇ ಹೇಳುವವರೆಗೆ ಕಾಯುವುದು ಲೇಸು.

ಏನು ಓದಿಕೊಂಡು ಹೋಗಬೇಕು?

ಅವರ ಪೇಪರ್ ಪೂರ್ತಿ ಅರ್ಥವಾಗಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಆರಂಭದ ಸಾರಾಂಶ ಮತ್ತು ಮೊದಲ ಚಿತ್ರ, ಇಷ್ಟನ್ನು ಎರಡು ಸಲ ನೋಡಿ. ಆರ್‌ಕೈವ್, ಬಯೋಆರ್‌ಕೈವ್ ತಾಣಗಳಲ್ಲಿ ಹಲವು ಪೇಪರುಗಳು ಉಚಿತವಾಗಿ ಸಿಗುತ್ತವೆ. ಆ ಚಿತ್ರವನ್ನು ಮುದ್ರಿಸಿಕೊಂಡು ಹೋಗಿ ಮುಂದಿಟ್ಟು ‘ಇದರಲ್ಲಿ ಏನಿದೆ, ಕನ್ನಡದಲ್ಲಿ ಹೇಳಿ’ ಎನ್ನಿ. ಮೊದಲು ತಡವರಿಸುತ್ತಾರೆ, ಆಮೇಲೆ ಪೆನ್ನು ಕೇಳಿ ಪಡೆದು ಅದರ ಮೇಲೇ ಗೀಚತೊಡಗುತ್ತಾರೆ. ಅಲ್ಲಿಂದ ಮಾತು ತಾನಾಗಿ ಹರಿಯುತ್ತದೆ.

‘ನಿನ್ನೆ ಏನು ಮಾಡಿದಿರಿ?’

ಸಂದರ್ಶನ ಕೆಡುವುದು ಪ್ರಶ್ನೆಗಳಿಂದಲೇ. ‘ನಿಮಗೆ ಸ್ಫೂರ್ತಿ ಯಾರು?’, ‘ಯುವಜನರಿಗೆ ನಿಮ್ಮ ಸಂದೇಶವೇನು?’ ಎಂದು ಕೇಳಿದರೆ ಭಾಷಣ ಸಿಗುತ್ತದೆ. ಮೊನ್ನೆ, ನಿನ್ನೆ, ಇಂದು ಬೆಳಿಗ್ಗೆ ನಡೆದದ್ದನ್ನು ಕೇಳಿ. ಜೀವಶಾಸ್ತ್ರದ ಲ್ಯಾಬಾದರೆ ಮಾತು ಹೀಗೆ ಸಾಗಬಹುದು:

‘ಅಕ್ಕಾ, ನಿನ್ನೆ ಲ್ಯಾಬಿಗೆ ಬಂದ್ಮೇಲೆ ಮೊದಲು ಏನ್ ಮಾಡಿದ್ರಿ?’

‘ಹಿಂದಿನ ದಿನ ಮಾಡಿಟ್ಟಿದ್ದ ಪಿಸಿಆರ್ ಸ್ಯಾಂಪಲ್‌ಗಳನ್ನ ಜೆಲ್ ಮೇಲೆ ಓಡಿಸ್ದೆ. ಬ್ಯಾಂಡೇ ಬರ್ಲಿಲ್ಲ.’

‘ಯಾಕೆ ಬರ್ಲಿಲ್ಲ?’

‘ಅದೇ ಗೊತ್ತಾಗ್ತಿಲ್ಲ. ಖಂಡಿತ ಬರ್ಬೇಕಾದ ಕಂಟ್ರೋಲ್‌ನಲ್ಲೂ ಬರ್ಲಿಲ್ಲ. ಅಂದ್ರೆ ತಪ್ಪು ನನ್ನ ಡಿಎನ್ಎದು ಒಂದೇ ಅಲ್ಲ. ಎಂಜೈಮ್ ಕೆಟ್ಟಿರ್ಬಹುದು, ಅಥವಾ ನಾನೇ ಹಾಕೋದು ಮರೆತಿರ್ಬಹುದು.’

‘ಈಗೇನ್ ಮಾಡ್ತೀರಾ?’

‘ಒಂದೊಂದೇ ಬದಲಾಯಿಸ್ತಾ ನೋಡೋದು. ಮೂರು ವಾರದಿಂದ ಇದೇ ಕತೆ.’

ಈ ನಾಲ್ಕು ಮಾತಿನಲ್ಲಿ ಎಷ್ಟಿದೆ ನೋಡಿ. ಪ್ರಯೋಗದಲ್ಲಿ ಕಂಟ್ರೋಲ್ ಏಕೆ ಬೇಕು, ತಪ್ಪನ್ನು ಹೇಗೆ ಬೆನ್ನು ಹತ್ತುತ್ತಾರೆ, ಮೂರು ವಾರ ಹೇಗೆ ಕರಗಿಹೋಗುತ್ತದೆ ಎಲ್ಲವೂ ಬಂತು. ಇಲ್ಲಿ ಕೆಲಸ ಮಾಡಿದ್ದು ‘ಯಾಕೆ’ ಮತ್ತು ‘ಈಗೇನು’ ಎಂಬ ಎರಡು ಮರುಪ್ರಶ್ನೆಗಳು. ಬರೆದುಕೊಂಡು ಹೋದ ಪಟ್ಟಿ ಪಕ್ಕಕ್ಕೆ ಸರಿದರೂ ಚಿಂತೆಯಿಲ್ಲ.

ಇಂಥ ವಿವರಕ್ಕೆ ಬೆಲೆ ಎಷ್ಟೆಂದು ತಿಳಿಯಲು ಭೌತವಿಜ್ಞಾನಿ ಅನ್ನಾ ಮಣಿ ಅವರನ್ನು ನೆನೆಯಬಹುದು. 1940ರ ದಶಕದಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳು ಬೆಳಕಿಗೆ ಹೇಗೆ ಸ್ಪಂದಿಸುತ್ತವೆ ಎಂದು ಅವರು ಅಧ್ಯಯನ ಮಾಡುತ್ತಿದ್ದರು. ಹರಳನ್ನು ದ್ರವಗಾಳಿಯ ಶೈತ್ಯದಲ್ಲಿಟ್ಟು, ಕ್ಷೀಣ ಬೆಳಕು ಫೋಟೊಗ್ರಾಫಿಕ್ ಪ್ಲೇಟಿನ ಮೇಲೆ ಮೂಡಲು 15ರಿಂದ 20 ಗಂಟೆ ಕಾಯಬೇಕಿತ್ತು. ಕೆಲವೊಮ್ಮೆ ರಾತ್ರಿಯಿಡೀ ಲ್ಯಾಬಿನಲ್ಲೇ. ಥೀಸಿಸ್ ಬರೆದು ಒಪ್ಪಿಸಿದರೂ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌.ಡಿ. ಕೊಡಲಿಲ್ಲ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಲ್ಲಿ ನಾಲ್ಕು ವರ್ಷದ ಪದವಿಯನ್ನು ಶೇ 75 ಅಂಕಗಳೊಂದಿಗೆ ಮುಗಿಸಿದವರು ಎಂ.ಎಸ್ಸಿ. ಇಲ್ಲದೆಯೂ ಪಿಎಚ್‌.ಡಿ.ಗೆ ಅರ್ಜಿ ಹಾಕಬಹುದು. ಹಾಗಾಗಿ ‘ಯಾವ ನಿಯಮದಿಂದ ನಿಮಗೆ ದಾರಿ ತೆರೆಯಿತು, ಯಾವುದರಿಂದ ಅಡ್ಡಿಯಾಯಿತು?’ ಎಂದೂ ಕೇಳಿ. ನೆಟ್, ಗೇಟ್, ಜ್ಯಾಮ್ ಪರೀಕ್ಷೆಗಳ ಕತೆಗಳೆಲ್ಲ ಆ ಪ್ರಶ್ನೆಯ ಹಿಂದಿರುತ್ತವೆ.

ದುಡ್ಡಿನ ವಿಷಯಕ್ಕೆ ಮುಜುಗರ ಬೇಡ, ಆದರೆ ‘ಎಷ್ಟು ಬರುತ್ತೆ’ ಎಂದು ಕೇಳಬೇಡಿ. ಅದು ಗೊತ್ತಿರುವಂಥದ್ದೇ. 2023ರ ಪರಿಷ್ಕರಣೆಯ ನಂತರ ಸಿಎಸ್‌ಐಆರ್, ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಪಡೆದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000. ಹಾಸ್ಟೆಲ್ ಇಲ್ಲದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಆ ದುಡ್ಡು ಪ್ರತಿ ತಿಂಗಳೂ ಬರುತ್ತದೆಯೇ, ತಡವಾದಾಗ ಏನು ಮಾಡುತ್ತಾರೆ, ಫೆಲೋಶಿಪ್ ಇಲ್ಲದ ಗೆಳೆಯರು ಹೇಗೆ ನಿಭಾಯಿಸುತ್ತಾರೆ ಎಂದು ಕೇಳಿದರೆ ಬೇರೆಯದೇ ಚಿತ್ರ ಸಿಗುತ್ತದೆ. ‘ಓದು ಇನ್ನೂ ಮುಗಿದಿಲ್ವಾ ಅಂತ ಊರಲ್ಲಿ ಕೇಳಿದ್ರೆ ಏನಂತೀರಿ?’ ಎಂಬುದೂ ಒಳ್ಳೆಯ ಪ್ರಶ್ನೆ. ಮದುವೆಯ ಮಾತು ಮಾತ್ರ ನೀವಾಗಿ ಎತ್ತಬೇಡಿ. ಹೆಣ್ಣುಮಕ್ಕಳಿಗೆ ಅದನ್ನು ಕೇಳಲು ನೆಂಟರಿಷ್ಟರು ಸಾಲದೇ?

ಭೇಟಿಯ ದಿನ

ದೊಡ್ಡ ಸಂಸ್ಥೆಗಳ ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಕಾಲೇಜಿನದು ಜೊತೆಗಿರಲಿ. ಲ್ಯಾಬ್ ನೋಡುವ ಆಸೆಯಿದ್ದರೆ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಹೋಗಿ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಪಡೆದು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಲ್ಯಾಬಿನೊಳಗೆ ಫ್ರೀಜರುಗಳ ಗುಂಯ್‌ ಸದ್ದು, ಕ್ಯಾಂಟೀನಿನಲ್ಲಿ ತಟ್ಟೆಗಳ ಸದ್ದು. ಮರದ ಕೆಳಗಿನ ಕಲ್ಲುಬೆಂಚು ಇವೆರಡಕ್ಕಿಂತ ವಾಸಿ. ಫೋಟೊ ತೆಗೆಯುವಾಗ ಹಿಂದಿನ ಬಿಳಿ ಬೋರ್ಡಿನತ್ತ ಗಮನವಿರಲಿ. ಇನ್ನೂ ಪ್ರಕಟವಾಗದ ಫಲಿತಾಂಶ ಅಲ್ಲಿ ಗೀಚಿರಬಹುದು.

ಯಾವುದನ್ನು ಬಿಡಬೇಕು?

ಇದು ಎಲ್ಲಕ್ಕಿಂತ ಸೂಕ್ಷ್ಮ ವಿಚಾರ. ಸಲಿಗೆ ಬೆಳೆದಂತೆ ಗೈಡ್ ಬಗ್ಗೆ, ಲ್ಯಾಬಿನ ಮನಸ್ತಾಪದ ಬಗ್ಗೆ ಮಾತು ಬರುತ್ತದೆ. ಪಿಎಚ್‌.ಡಿ. ಮಾಡುವವರ ಥೀಸಿಸ್, ಶಿಫಾರಸು ಪತ್ರ, ಮುಂದಿನ ಕೆಲಸ ಎಲ್ಲವೂ ಗೈಡ್ ಒಬ್ಬರ ಕೈಯಲ್ಲಿರುತ್ತವೆ. ನಿಮಗೆ ಸ್ವಾರಸ್ಯವೆನಿಸಿದ ಒಂದು ಸಾಲು ಅವರಿಗೆ ಎರಡು ವರ್ಷದ ಸಂಕಟವಾದೀತು. ‘ಇದನ್ನು ಬರೆಯಬಹುದಾ?’ ಎಂದು ಅಲ್ಲೇ ಕೇಳಿ. ಬೇಡ ಎಂದರೆ ಆ ಮಾತು ಅಲ್ಲಿಗೇ ಮುಗಿಯಿತು. ಪರಿಶೀಲನೆಯಲ್ಲಿರುವ ಪೇಪರಿನ ಫಲಿತಾಂಶಕ್ಕೂ ಇದೇ ನಿಯಮ.

ಮನೆಗೆ ಬಂದ ಮೇಲೆ

ಅಂದು ರಾತ್ರಿಯೇ ನೆನಪಿರುವುದನ್ನೆಲ್ಲ ಗೀಚಿಟ್ಟುಕೊಳ್ಳಿ: ಮೇಜಿನ ಮೇಲೇನಿತ್ತು, ಯಾವ ಪ್ರಶ್ನೆಗೆ ನಕ್ಕರು, ಎಲ್ಲಿ ಸುಮ್ಮನಾದರು. ಒಂದು ಗಂಟೆಯ ರೆಕಾರ್ಡಿಂಗನ್ನು ಬರೆದಿಳಿಸಲು ಮೂರ್ನಾಲ್ಕು ಗಂಟೆ ಹಿಡಿಯುತ್ತದೆ, ಅಷ್ಟು ಸಮಯ ಮೀಸಲಿಡಿ. ಪೂರ್ತಿ ಪ್ರಶ್ನೋತ್ತರವಾಗಿ ಅಚ್ಚು ಹಾಕುವುದಕ್ಕಿಂತ ನೀವೇ ನಿರೂಪಿಸುತ್ತಾ ನಡುನಡುವೆ ಅವರ ಮಾತನ್ನು ಇಡುವುದು ನನ್ನ ದೃಷ್ಟಿಯಲ್ಲಿ ಚೆನ್ನ. ಅವರ ಮಾತಿನಲ್ಲಿ ಹುಬ್ಬಳ್ಳಿಯ ಸೊಗಡಿದ್ದರೆ ತಿದ್ದಲು ಹೋಗಬೇಡಿ.

ವಿಜ್ಞಾನದ ಭಾಗಗಳನ್ನೂ ಅವರ ಹೆಸರಲ್ಲಿ ಬರುವ ಮಾತುಗಳನ್ನೂ ಅವರಿಗೆ ಕಳಿಸಿ, ತಪ್ಪಿದ್ದರೆ ತಿಳಿಸಲು ಒಂದು ದಿನಾಂಕ ಗೊತ್ತುಮಾಡಿ. ಸಂಚಿಕೆ ಬಂದ ಮೇಲೆ ಒಂದು ಪ್ರತಿ ಅಂಚೆಗೆ ಹಾಕಿ. ಜೊತೆಗೇ, ಬೇಸಿಗೆ ರಜೆಯಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುವ ಅವಕಾಶಗಳ ಬಗ್ಗೆ ವಿಚಾರಿಸಿ. ಪದವಿ ವಿದ್ಯಾರ್ಥಿಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ ಇದೆ. ಅದಕ್ಕೆ ಅರ್ಜಿ ಹಾಕುವಾಗ ಏನು ಬರೆಯಬೇಕೆಂದು ಹೇಳಿಕೊಡಲು, ಸ್ವತಃ ಅರ್ಜಿ ಬರೆದು ಬಂದವರಿಗಿಂತ ಬೇರೆ ಯಾರು ಬೇಕು?